ದೊಡ್ಡಮ್ಮನ ಲೈಫ್‌ಟೈಮ್ ಸಿಮ್

ಕಳೆದ ಮಂಗಳವಾರ ಸಾಗರದ ಮೊಬೈಲ್ ಅಂಗಡಿಯೊಂದರಲ್ಲಿ ನನ್ನ ದೊಡ್ಡಮ್ಮ ಕೇಳಿದ ಒಂದು ಪ್ರಶ್ನೆ ಇನ್ನೂ ನನ್ನ ಕಿವಿಯಿಂದ ಹೋಗಿಲ್ಲ. ಅವರಿಗೆ 79 ವರ್ಷ. ಪ್ರಾಥಮಿಕ ಶಾಲೆಯ ನಿವೃತ್ತ ಶಿಕ್ಷಕಿ. ನಾಲ್ಕು ದಿನಗಳಿಂದ ಅವರ ಫೋನಿಗೆ ಯಾರ ಕರೆಯೂ ಹೋಗುತ್ತಿರಲಿಲ್ಲ. ಗ್ಯಾಸ್ ತಂದ ಹುಡುಗ ಕೇಳಿದ ಕೋಡ್ ಬಾರದೆ ಅವನು ಸಿಲಿಂಡರನ್ನು ವಾಪಸು ಒಯ್ದ ಮೇಲೆ, ಪಕ್ಕದ ಮನೆಯವರು ನನಗೆ ಸುದ್ದಿ ಮುಟ್ಟಿಸಿದರು.

ಅಂಗಡಿಯ ಹುಡುಗ ಅವರ ಕೀಪ್ಯಾಡ್ ಫೋನನ್ನು ಒತ್ತಿ ನೋಡಿ, "ಬ್ಯಾಲೆನ್ಸ್ 63 ರೂಪಾಯಿ ಇದೆ ಅಮ್ಮ, ಆದರೆ ವ್ಯಾಲಿಡಿಟಿ ಮುಗಿದಿದೆ" ಎಂದ. ದುಡ್ಡು ಇದ್ದೂ ಮಾತಾಡುವ ಹಾಗಿಲ್ಲ ಎಂಬುದು ದೊಡ್ಡಮ್ಮನಿಗೆ ಅರ್ಥವಾಗಲಿಲ್ಲ. ಅವರು ಚೀಲದಿಂದ ಒಂದು ಪ್ಲಾಸ್ಟಿಕ್ ಕವರ್ ತೆಗೆದು, ಅದರೊಳಗಿಂದ ನಾಲ್ಕು ಮಡಿಕೆಯ ರಸೀದಿಯನ್ನು ಬಿಡಿಸಿ ಕೌಂಟರಿನ ಮೇಲಿಟ್ಟರು. 2006ರಲ್ಲಿ ದೊಡ್ಡಪ್ಪ 999 ರೂಪಾಯಿ ಕೊಟ್ಟು ಮಾಡಿಸಿದ್ದ ಲೈಫ್‌ಟೈಮ್ ಸಿಮ್ಮಿನ ರಸೀದಿ ಅದು. ಮಡಿಕೆಯ ಗೆರೆಗಳಲ್ಲಿ ಕಾಗದ ಹರಿದು, ಹಿಂದಿನಿಂದ ಅಂಟುಪಟ್ಟಿ ಹಚ್ಚಿತ್ತು.

"ಲೈಫ್‌ಟೈಮ್ ಅಂತ ಬರೆದಿದೆ ನೋಡು. ಹೋದ ನವೆಂಬರಿನಲ್ಲಷ್ಟೇ ಪೆನ್ಶನ್ನಿಗೆಂದು ಬ್ಯಾಂಕಿಗೆ ಹೋಗಿ, ಬದುಕಿದ್ದೇನೆ ಅಂತ ಸಹಿ ಹಾಕಿ ಬಂದಿದ್ದೇನೆ. ನಿಮ್ಮ ಕಂಪನಿಗೂ ಒಂದು ಕೊಡಬೇಕಿತ್ತೇನು ತಮ್ಮಾ?"

ಹುಡುಗ ನಕ್ಕ. ದೊಡ್ಡಮ್ಮ ನಗುತ್ತಿಲ್ಲವೆಂದು ತಿಳಿದ ಕೂಡಲೇ ನಿಲ್ಲಿಸಿ, ಅವರು ಕುಳಿತುಕೊಳ್ಳಲು ಸ್ಟೂಲು ಸರಿಸಿದ. ಒಳ್ಳೆಯ ಹುಡುಗನೇ. ಆದರೂ ಉತ್ತರ ಅವನ ಬಳಿ ಇರಲಿಲ್ಲ, ನನ್ನ ಬಳಿ ಇತ್ತು, ನಾನು ಹೇಳಲಿಲ್ಲ.

2005ರ ಕೊನೆಯಲ್ಲಿ ಈ ಲೈಫ್‌ಟೈಮ್ ಯೋಜನೆಗಳು ಬಂದಾಗ, ಅಲ್ಲಿ ಲೆಕ್ಕಕ್ಕಿದ್ದದ್ದು ಗ್ರಾಹಕರ ಆಯುಷ್ಯವಲ್ಲ, ಕಂಪನಿಯ ಪರವಾನಗಿಯ ಆಯುಷ್ಯ. ಅದೂ ನಡೆಯಲಿಲ್ಲ, 2018ರ ಕೊನೆಯ ಹೊತ್ತಿಗೆ ತಿಂಗಳಿಗಿಷ್ಟು ಎಂದು ಕನಿಷ್ಠ ರೀಚಾರ್ಜ್ ಮಾಡಿಸದಿದ್ದರೆ ಒಳಬರುವ ಕರೆಯೂ ನಿಲ್ಲುವ ಪದ್ಧತಿ ಶುರುವಾಯಿತು. ಅಂದಿನಿಂದ ಬೆಂಗಳೂರಿನಲ್ಲಿರುವ ನನ್ನ ತಮ್ಮ ದೊಡ್ಡಮ್ಮನಿಗೆ ತಿಳಿಸದೆ ತನ್ನ ಫೋನಿನಿಂದಲೇ ಪ್ರತಿ 28 ದಿನಕ್ಕೊಮ್ಮೆ ದುಡ್ಡು ಕಟ್ಟುತ್ತಿದ್ದ. ಅವರಿಗೆ ಬೇಸರವಾಗದಿರಲಿ ಎಂದು ನಾನೂ ಬಾಯಿ ಬಿಟ್ಟಿರಲಿಲ್ಲ. ಈ ಸಲ ಅವನು ಮರೆತ. ಅವನದು ದೊಡ್ಡ ಮನಸ್ಸು; ಕೆಲಸವೊಂದನ್ನು ಸದ್ದಿಲ್ಲದೆ ವರ್ಷಗಟ್ಟಲೆ ಮಾಡಿ, ಅದನ್ನು ಅಷ್ಟೇ ಸದ್ದಿಲ್ಲದೆ ಕೈಬಿಡುವುದೂ ಅವನ ಸ್ವಭಾವ.

ದೊಡ್ಡಮ್ಮನ ಬೇಡಿಕೆ ಸರಳವಾಗಿತ್ತು: ಮಾತಾಡಿದಷ್ಟಕ್ಕೆ ದುಡ್ಡು. ಹಾಲಿನವನಿಗೆ ಅವರು ಕ್ಯಾಲೆಂಡರಿನಲ್ಲಿ ಗೀಟು ಎಳೆದು, ತೆಗೆದುಕೊಂಡಷ್ಟಕ್ಕೇ ಲೆಕ್ಕ ಮಾಡಿ ಕೊಡುವವರು. ಬಸ್ ಸ್ಟ್ಯಾಂಡಿನ ಕಾಯಿನ್ ಬೂತಿನಲ್ಲಿ ಒಂದು ರೂಪಾಯಿ ಹಾಕಿ ಮಾತಾಡಿದವರು. ಆಗ ನಾವು ಮಾತನ್ನು ಕೊಳ್ಳುತ್ತಿದ್ದೆವು. ಈಗ ಮಾತು ಪುಕ್ಕಟೆ, ಕೊಳ್ಳಬೇಕಾದದ್ದು ದಿನಗಳನ್ನು. ಇಡೀ ದಿನ ತುಟಿ ಬಿಚ್ಚದಿದ್ದರೂ ಆ ದಿನದ ಬಾಡಿಗೆ ಕಟ್ಟಲೇಬೇಕು. ದಿನಕ್ಕೆ ಎರಡು ಕರೆ ಬಂದರೆ ಹೆಚ್ಚು ಎನ್ನುವ ಮನೆಯಲ್ಲಿ ಈ ಲೆಕ್ಕವನ್ನು ವಿವರಿಸುವುದು ಹೇಗೆ?

ಹುಡುಗ ಮೂರು ಸಲ "ದಿನಕ್ಕೆ ಒಂದೂವರೆ ಜಿಬಿ" ಎಂದ. ಮೂರನೆಯ ಸಲ ದೊಡ್ಡಮ್ಮ ತಮ್ಮ ಫೋನನ್ನು ಅವನ ಮುಂದಕ್ಕೆ ತಳ್ಳಿ, "ಇದರಲ್ಲಿ ಅದು ಎಲ್ಲಿ ಹಿಡಿಸುತ್ತದೆ?" ಎಂದರು. ಇಂಥವರಿಗಾಗಿಯೇ ಕರೆ ಮತ್ತು ಸಂದೇಶ ಮಾತ್ರ ಇರುವ ಯೋಜನೆಯನ್ನೂ ಕಂಪನಿಗಳು ಇಡಬೇಕೆಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ 2024ರ ಡಿಸೆಂಬರಿನಲ್ಲಿ ನಿಯಮ ಮಾಡಿದೆ. ಅಂಥ ವೋಚರಿನ ಅವಧಿಯ ಮಿತಿಯನ್ನು 90 ದಿನಗಳಿಂದ 365ಕ್ಕೆ ಏರಿಸಿದ್ದೂ ಆಗಲೇ. ಗೋಡೆಗೆ ಅಂಟಿಸಿದ್ದ ಪಟ್ಟಿಯಲ್ಲಿ ಅದರ ಸುಳಿವಿರಲಿಲ್ಲ. ನಾನು ಹೆಸರು ಹಿಡಿದು ಕೇಳಿದ ಮೇಲೆ ಹುಡುಗ ತನ್ನ ಫೋನಿನಲ್ಲಿ ಕೆಳಗೆ, ಇನ್ನೂ ಕೆಳಗೆ ಹೋಗಿ ಹುಡುಕಿ ತೋರಿಸಿದ. 84 ದಿನಗಳಿಗೆ 450 ರೂಪಾಯಿಯ ಆಸುಪಾಸು, ವರ್ಷದ್ದೂ ಇತ್ತು.

ವರ್ಷದ್ದನ್ನೇ ಹಾಕಿಸಿಬಿಡೋಣ, ಮತ್ತೆ ಮರೆಯುವ ತಾಪತ್ರಯವಿಲ್ಲ ಎಂದೆ. ದೊಡ್ಡಮ್ಮ ಒಪ್ಪಲಿಲ್ಲ. "ಮಧ್ಯದಲ್ಲಿ ನಾನು ಹೊರಟರೆ ಉಳಿದ ದಿನದ ದುಡ್ಡು ಯಾರಿಗೆ?" ಎಂದು ಹುಡುಗನನ್ನೇ ಕೇಳಿದರು. ಅವನು ನನ್ನ ಮುಖ ನೋಡಿದ. ಕೊನೆಗೆ 84 ದಿನದ್ದೇ ಆಯಿತು.

ಹಿಂತಿರುಗುವಾಗ ಬಸ್ಸಿನಲ್ಲಿ ಬಹಳ ಹೊತ್ತು ಸುಮ್ಮನಿದ್ದು, "ಇಷ್ಟು ವರ್ಷ ಯಾರು ಕಟ್ಟುತ್ತಿದ್ದರು?" ಎಂದು ಕೇಳಿದರು. ಹೇಳಿದೆ. 28 ದಿನಕ್ಕೊಮ್ಮೆ ಎಂದಾಗ ಬೆರಳು ಮಡಚಿ ಎಣಿಸಿ, "ವರ್ಷಕ್ಕೆ ಹದಿಮೂರಾಯಿತಲ್ಲ! ಇವರಿಗೆ ಪ್ರತಿ ವರ್ಷವೂ ಅಧಿಕ ಮಾಸವೇ?" ಎಂದರು. ತಮ್ಮನ ವಿಷಯ ಎತ್ತಲಿಲ್ಲ. ರಸೀದಿಯ ವಿಷಯವನ್ನೂ ಎತ್ತಲಿಲ್ಲ. ಅದು ಮತ್ತೆ ಪ್ಲಾಸ್ಟಿಕ್ ಕವರಿನೊಳಗೆ ಸೇರಿತ್ತು.

ಮನೆಗೆ ಬಂದವರೇ ಕನ್ನಡಕ ಹಾಕಿಕೊಂಡು ಕ್ಯಾಲೆಂಡರಿನ ಹಾಳೆಗಳನ್ನು ಮಗುಚುತ್ತ ಪೆನ್ನಿನ ತುದಿಯಿಂದ ಒಂದೊಂದೇ ಮನೆ ಎಣಿಸಿ, 84ನೆಯ ದಿನದ ಹಾಲಿನ ಗೀಟಿನ ಜಾಗದ ಪಕ್ಕದಲ್ಲಿ 'ಫೋನು' ಎಂದು ಬರೆದರು. ಆಮೇಲೆ ನನ್ನ ಕಡೆ ತಿರುಗಿ, "ಆ ಹುಡುಗ ಮೂರು ತಿಂಗಳು ಅಂದಿದ್ದನಲ್ಲ, ಒಂದು ವಾರ ಕಡಿಮೆ ಇದೆ. ಮುಂದಿನ ಸಲ ಹೋದಾಗ ಅವನಿಗೆ ಹೇಳಬೇಕು" ಎಂದರು.