ಮಾಂಗಾ ಕಲಿಸುವ ಊರಿನಲ್ಲಿ

ಕ್ಯೋಟೊಗೆ ಹೋಗಿ ದೇಗುಲ ನೋಡದೆ ಬಂದೆನೆಂದರೆ ಮನೆಯವರು ಸುಮ್ಮನೆ ಬಿಡುವುದಿಲ್ಲ. ಒಂದೆರಡು ದೇಗುಲ ಸುತ್ತಿ ಆ ಶಾಸ್ತ್ರ ಮುಗಿಸಿಕೊಂಡು, ಸುರಂಗ ರೈಲು ಹಿಡಿದು ಕರಸುಮಾ ಓಯಿಕೆ ನಿಲ್ದಾಣದಲ್ಲಿ ಇಳಿದೆ. ಅಲ್ಲಿಂದ ನಡೆಯುವಷ್ಟು ದೂರದಲ್ಲೇ ಅಂತರರಾಷ್ಟ್ರೀಯ ಮಾಂಗಾ ವಸ್ತುಸಂಗ್ರಹಾಲಯವಿದೆ. ಮಾಂಗಾ ಎಂದರೆ ಜಪಾನಿನ ಕಾಮಿಕ್ಸ್. ಕ್ಯೋಟೊ ನಗರಾಡಳಿತವೂ ಕ್ಯೋಟೊ ಸೆಯ್ಕಾ ವಿಶ್ವವಿದ್ಯಾಲಯವೂ ಸೇರಿ 2006ರಲ್ಲಿ ತೆರೆದದ್ದು.

ಕಟ್ಟಡ ಮೊದಲು ತತ್ಸುಇಕೆ ಪ್ರಾಥಮಿಕ ಶಾಲೆಯದಾಗಿತ್ತು. ರಾಜಧಾನಿಯ ಪಟ್ಟ ಟೋಕಿಯೊ ಪಾಲಾದ ಹೊತ್ತಿನಲ್ಲಿ, 1869ರಲ್ಲಿ, ಕ್ಯೋಟೊದ ಕೇರಿಕೇರಿಯ ಜನ ತಾವೇ ಹಣ ಹಾಕಿ 64 ಶಾಲೆಗಳನ್ನು ಕಟ್ಟಿಕೊಂಡರು. ಇದು ಅವುಗಳಲ್ಲೊಂದು. ನಗರದ ನಡುವೆ ಮಕ್ಕಳ ಸಂಖ್ಯೆ ಕರಗಿ 1995ರಲ್ಲಿ ಶಾಲೆ ಮುಚ್ಚಿತು. ಮರದ ನೆಲ ಈಗಲೂ ಕಾಲಿಟ್ಟಲ್ಲೆಲ್ಲ ಕಿರುಗುಟ್ಟುತ್ತದೆ. ಪಡಸಾಲೆಗಳ ಗೋಡೆಗಳಿಗೆ ಆತುಕೊಂಡ ಕಪಾಟುಗಳಲ್ಲಿ ಸುಮಾರು 50,000 ಮಾಂಗಾ ಪುಸ್ತಕಗಳಿವೆ. ಯಾರು ಬೇಕಾದರೂ ಎಳೆದುಕೊಂಡು ಓದಬಹುದು. ಓದುವವರಲ್ಲಿ ಅರ್ಧಕ್ಕರ್ಧ ನಡುವಯಸ್ಸಿನವರು. ಹಳೆಯ ಆಟದ ಮೈದಾನದಲ್ಲಿ ಒಬ್ಬ ಅಜ್ಜ ಅಂಗಾತ ಮಲಗಿ ಓದುತ್ತಿದ್ದರು.

ನಾನು ಬಂದದ್ದು ಮಾಂಗಾ ಕಲಾವಿದೆ ಕೆಯಿಕೊ ತಾಕೆಮಿಯಾ ಅವರ ಜಾಡು ಹಿಡಿದು. 1950ರಲ್ಲಿ ಶಿಕೊಕು ದ್ವೀಪದ ತೊಕುಶಿಮಾದಲ್ಲಿ ಹುಟ್ಟಿದವರು. ಹದಿಹರೆಯದಲ್ಲೇ ಅವರ ಮಾಂಗಾ ಅಚ್ಚಾಗತೊಡಗಿತ್ತು. ತೊಕುಶಿಮಾ ವಿಶ್ವವಿದ್ಯಾಲಯದ ಶಿಕ್ಷಣ ವಿಭಾಗ ಸೇರಿ, ಅದನ್ನು ನಡುವೆಯೇ ಬಿಟ್ಟು 1970ರಲ್ಲಿ ಟೋಕಿಯೊಗೆ ಹೋದರು. ಮೇಷ್ಟರಾಗುವ ಓದನ್ನು ಬಿಟ್ಟು ಓಡಿದವರು ಐವತ್ತರ ವಯಸ್ಸಿನಲ್ಲಿ ಪ್ರಾಧ್ಯಾಪಕರಾದರು ಎಂಬುದೇ ನನ್ನನ್ನು ಎಳೆದ ಎಳೆ.

ಟೋಕಿಯೊದ ಅಂಚಿನ ಓಯಿಜುಮಿಯಲ್ಲಿ ಅವರು ಮೊತೊ ಹಾಗಿಯೊ ಎಂಬ ಇನ್ನೊಬ್ಬ ಮಾಂಗಾ ಕಲಾವಿದೆಯ ಜೊತೆ ಬಾಡಿಗೆ ಮನೆ ಹಿಡಿದರು. ಹುಡುಗಿಯರಿಗಾಗಿ ಬರುತ್ತಿದ್ದ ಮಾಂಗಾದ ದಿಕ್ಕನ್ನೇ ಬದಲಿಸಿದ ಯುವತಿಯರ ಗುಂಪು ಆ ಮನೆಯಲ್ಲಿ ಕೂಡುತ್ತಿತ್ತು. ಕೆಲವೇ ವರ್ಷಗಳಲ್ಲಿ ಮನೆ ಒಡೆಯಿತು, ಇಬ್ಬರೂ ದೂರವಾದರು. ಹಾಗಿಯೊ ಅವರ ಪ್ರತಿಭೆ ಕಂಡು ತಾನು ಹೊಟ್ಟೆ ಉರಿದುಕೊಂಡದ್ದನ್ನು ತಾಕೆಮಿಯಾ 2016ರ ಆತ್ಮಕಥೆಯಲ್ಲಿ ಮುಚ್ಚುಮರೆಯಿಲ್ಲದೆ ಬರೆದಿದ್ದಾರೆ. ಹಾಗಿಯೊ 2021ರಲ್ಲಿ ತಮ್ಮ ಪಾಲಿನ ನೆನಪುಗಳನ್ನು ಬರೆದರು. ಆ ಜಗಳದಲ್ಲಿ ಯಾರ ಪರ ನಿಲ್ಲಲೂ ನನಗೆ ಮನಸ್ಸಿಲ್ಲ.

ತಾಕೆಮಿಯಾ ಅವರ ಮನಸ್ಸಿನಲ್ಲಿ ಆಗ ಒಂದು ಕಥೆ ಕುಳಿತಿತ್ತು. ಹತ್ತೊಂಬತ್ತನೆಯ ಶತಮಾನದ ಫ್ರಾನ್ಸಿನ ವಸತಿಶಾಲೆ, ಅಲ್ಲಿ ಇಬ್ಬರು ಹುಡುಗರ ಪ್ರೇಮ. ಸಂಪಾದಕರು ಕೈ ಮುಗಿದರು. ಹುಡುಗಿಯರ ಪತ್ರಿಕೆಯಲ್ಲಿ ಇದೆಂಥ ಕಥೆ? ಜಪಾನಿನ ಮಾಂಗಾ ಪತ್ರಿಕೆಗಳಲ್ಲಿ ಓದುಗರ ಮತವೇ ಧಾರಾವಾಹಿಗಳ ಹಣೆಬರಹ. ಮತ ಗೆದ್ದರೆ ಸಂಪಾದಕರನ್ನು ಮಣಿಸಬಹುದೆಂದು ಲೆಕ್ಕ ಹಾಕಿದ ತಾಕೆಮಿಯಾ, 1974ರಲ್ಲಿ ಪ್ರಾಚೀನ ಈಜಿಪ್ಟಿನ ಒಂದು ಕಥೆಯನ್ನು ಶುರುಮಾಡಿದರು. ರಾಜ್ಯ ಕಳೆದುಕೊಂಡ ರಾಜಕುಮಾರ ಅಲೆದಲೆದು ಮರಳುವ, ಪುರಾಣಗಳಷ್ಟು ಹಳೆಯ ಅಚ್ಚು. ಆ ಅಚ್ಚು ಏಕೆ ಜನರನ್ನು ಹಿಡಿದಿಡುತ್ತದೆ, ಯಾವ ಕಂತಿನಲ್ಲಿ ಏನು ಬಿಚ್ಚಬೇಕು ಎಂದು ಅಳೆದೂ ತೂಗಿ ಬರೆದರು. ಲೆಕ್ಕ ಫಲಿಸಿತು. ಫ್ರಾನ್ಸಿನ ಹುಡುಗರ ಕಥೆ, 'ಕಾಜೆ ತೊ ಕಿ ನೊ ಉತಾ', 1976ರಲ್ಲಿ ಆರಂಭವಾಗಿ 1984ರವರೆಗೆ ನಡೆಯಿತು. ನಡುವೆಯೇ ಹುಡುಗರ ಪತ್ರಿಕೆಯೊಂದರಲ್ಲಿ 'ತೆರಾ ಎ' ಎಂಬ ವೈಜ್ಞಾನಿಕ ಕಥೆಯನ್ನೂ ಬರೆದರು. ಈ ಎರಡಕ್ಕೂ ಸೇರಿ ಶೋಗಾಕುಕಾನ್ ಮಾಂಗಾ ಪ್ರಶಸ್ತಿ ಬಂತು.

ಅವರೊಳಗಿನ ಶಿಕ್ಷಕಿ ಹುಟ್ಟಿದ್ದು ಈ ಲೆಕ್ಕಾಚಾರದಲ್ಲೇ ಎಂದು ನನ್ನ ಊಹೆ. ಸಲೀಸಾಗಿ ಒಲಿದ ವಿದ್ಯೆಯನ್ನು ಇನ್ನೊಬ್ಬರಿಗೆ ಬಿಡಿಸಿ ಹೇಳುವುದು ಕಷ್ಟ. ಪಕ್ಕದ ಮೇಜಿನವಳನ್ನು ನೋಡಿ ನೊಂದು, ಕಥೆಯ ಕೀಲುಗಳನ್ನು ಒಂದೊಂದಾಗಿ ಕಳಚಿ ನೋಡಿದವರಿಗೆ ಅದು ಸಾಧ್ಯ. 2000ದಲ್ಲಿ ಸೆಯ್ಕಾ ಸೇರಿದ ಅವರ ಪಾಠಗಳಲ್ಲಿ ಮುಖ್ಯವಾದದ್ದು ಮಾಂಗಾಕ್ಕೆ ಕಥೆ ಕಟ್ಟಿ ಬರೆಯುವ ಬಗೆ; ಅದರ ಮೇಲೆ ಪಠ್ಯವನ್ನೂ ಬರೆದರು.

ಇನ್ನೊಂದು ಕೆಲಸವನ್ನೂ ಅವರು ಅಲ್ಲಿ ಕೈಗೆತ್ತಿಕೊಂಡರು. ಮಾಂಗಾದ ಮೂಲ ಹಾಳೆಗಳು ಅಚ್ಚಿಗೆ ಹೋಗಿ ಬಂದ ಮೇಲೆ ಕೇಳುವವರಿರುತ್ತಿರಲಿಲ್ಲ. ಬಣ್ಣ ಮಾಸುತ್ತದೆ, ಅಂಟಿಸಿದ ಮಾತಿನ ಚೀಟಿಗಳು ಉದುರುತ್ತವೆ, ಬೆಳಕಿಗಿಟ್ಟಷ್ಟೂ ಕೆಡುತ್ತವೆ. ಹಾಳೆಯನ್ನು ಸ್ಕ್ಯಾನ್ ಮಾಡಿ, ಮೂಲದ ಪಕ್ಕದಲ್ಲಿಟ್ಟು ಬಣ್ಣ ಸರಿಹೊಂದಿಸಿ, ಪೆನ್ಸಿಲಿನ ಗೀಟು, ತಿದ್ದಿದ ಬಿಳಿ ಬಣ್ಣದ ಕಲೆ ಸಮೇತ ಮರುಮುದ್ರಿಸುವ 'ಗೆಂಗಾ ಡ್ಯಾಶ್' ಯೋಜನೆ ಅವರದು. ಪ್ರದರ್ಶನಕ್ಕೆ ಪ್ರತಿ ಹೋಗುತ್ತದೆ, ಮೂಲ ಕತ್ತಲಲ್ಲಿ ಉಳಿಯುತ್ತದೆ. ಅಂಥದೊಂದು ಹಾಳೆಯ ಮುಂದೆ ಮೂಗು ತಾಗುವಷ್ಟು ಬಗ್ಗಿ ನಿಂತೆ. ಮುದ್ರಿತವೆಂದು ತಿಳಿದಿದ್ದರೂ ಕಣ್ಣು ನಂಬಲಿಲ್ಲ. ಓದಿ ಎಸೆಯುವ ಸರಕು ಎನಿಸಿಕೊಂಡಿದ್ದ ಕಸುಬಿಗೆ ಇಷ್ಟು ಮರ್ಯಾದೆ ತಂದುಕೊಟ್ಟದ್ದು ನನಗೆ ಅವರ ಕಥೆಗಳಿಗಿಂತ ದೊಡ್ಡ ಕೆಲಸವಾಗಿ ಕಾಣುತ್ತದೆ.

ಮರುದಿನ ದೆಮಾಚಿಯಾನಗಿಯಿಂದ ಎಯ್ಜಾನ್ ರೈಲು ಹತ್ತಿದೆ. ಮನೆಗಳ ಹಿತ್ತಿಲು ಸವರಿಕೊಂಡು ಗುಡ್ಡಗಳತ್ತ ಸಾಗುವ ಪುಟ್ಟ ರೈಲು. ಪ್ರವಾಸಿಗಳೆಲ್ಲ ಕಿಬುನೆ, ಕುರಾಮಾದ ಗುಡಿಗಳಿಗೆ ಹೊರಟವರು. ಇವಾಕುರಾದ ಸೆಯ್ಕಾ ನಿಲ್ದಾಣದಲ್ಲಿ ಇಳಿದವರು ವಿದ್ಯಾರ್ಥಿಗಳು ಮತ್ತು ನಾನು. ಇಲ್ಲಿ ಮಾಂಗಾ ಬೋಧನೆ 1973ರಿಂದಲೇ ಇದೆ. ಜಪಾನಿನ ಮೊದಲ ಮಾಂಗಾ ನಿಕಾಯ ಆರಂಭವಾದದ್ದು 2006ರಲ್ಲಿ. ತಾಕೆಮಿಯಾ ಅದರ ಡೀನ್ ಆಗಿ, 2014ರಿಂದ 2018ರವರೆಗೆ ಇಡೀ ವಿಶ್ವವಿದ್ಯಾಲಯದ ಅಧ್ಯಕ್ಷರೂ ಆಗಿದ್ದರು. ಅವರ ನಂತರ ಆ ಕುರ್ಚಿಗೆ ಬಂದವರು ಆಫ್ರಿಕಾದ ಮಾಲಿ ದೇಶದಲ್ಲಿ ಹುಟ್ಟಿದ ಉಸುಬಿ ಸಾಕೊ, ವಾಸ್ತುಶಿಲ್ಪ ಓದಿದ ಪ್ರಾಧ್ಯಾಪಕರು. ಸಂಪ್ರದಾಯಕ್ಕೆ ಹೆಸರಾದ ಊರು ಮೊದಲು ಮಾಂಗಾ ಬರೆಯುವ ಮಹಿಳೆಯನ್ನು, ಆಮೇಲೆ ಹೊರನಾಡಿನಲ್ಲಿ ಹುಟ್ಟಿದವರನ್ನು ಸಾಲಾಗಿ ಕೂರಿಸಿದ್ದು ತಮಾಷೆಯಲ್ಲ.

ಆವರಣದಲ್ಲಿ ಹೆಗಲಿಗೆ ದೊಡ್ಡ ಚಿತ್ರದ ಚೀಲ ತೂಗಿಸಿಕೊಂಡ ಹುಡುಗ ಹುಡುಗಿಯರು ಇಳಿಜಾರು ಹತ್ತುತ್ತಿದ್ದರು. ಒಬ್ಬಳನ್ನು ನಿಲ್ಲಿಸಿ ಏನು ಕಲಿಯುತ್ತಿರುವೆ ಎಂದು ಹರುಕು ಜಪಾನಿಯಲ್ಲಿ ಕೇಳಿದೆ. ಫೋನಿನಲ್ಲಿ ತನ್ನ ಪುಟಗಳನ್ನು ತೋರಿಸಿದಳು. ಚೌಕಗಳಲ್ಲಿ ಮುಖಗಳೇ ಇರಲಿಲ್ಲ, ಬರೀ ಮೊಟ್ಟೆಯಾಕಾರಗಳು ಮತ್ತು ಮಾತು. ಕಥೆ ಒಪ್ಪಿಗೆಯಾದ ಮೇಲಷ್ಟೇ ಮುಖ ಬರೆಯುವುದಂತೆ. ತರಗತಿಗೆ ತಡವಾಯಿತೆಂದು ತಲೆ ಬಾಗಿಸಿ ಓಡಿದಳು. ನಾನು ಇಳಿದು ಬಂದು ಕುರಾಮಾ ಕಡೆಯ ರೈಲು ಹತ್ತಿದೆ. ಮನೆಯವರಿಗೆ ತೋರಿಸಲು ಇನ್ನೊಂದು ಗುಡಿಯ ಫೋಟೊ ಬೇಕಿತ್ತು.