ಯೆಜ್ಡಿಗೆ ಯಾವ ಪ್ಲಗ್, ಎಷ್ಟು ಗ್ಯಾಪ್

ಹಳೇ ಯೆಜ್ಡಿ ಬೈಕ್ ತಯಾರಾಗ್ತಿದ್ದ ಮೈಸೂರು ಯಾದವಗಿರಿಯ ಫ್ಯಾಕ್ಟರಿ 1996ರಲ್ಲೇ ಬಾಗಿಲು ಹಾಕ್ತು, ಆದ್ರೆ ಆ ಯೆಜ್ಡಿಗೆ ಸ್ಪಾರ್ಕ್ ಪ್ಲಗ್ ಸಿಗೋದಕ್ಕೆ ಇವತ್ತಿಗೂ ತೊಂದರೆ ಇಲ್ಲ. ತೊಂದರೆ ಇರೋದು ಕೇಳೋ ರೀತಿಯಲ್ಲಿ. "ಯೆಜ್ಡಿ ಪ್ಲಗ್ ಕೊಡಿ ಅಣ್ಣ" ಅಂದ್ರೆ ಕೈಗೆ ಸಿಕ್ಕಿದ್ದು ಬರುತ್ತೆ. ನಂಬರ್ ಹೇಳಿ ಕೇಳಬೇಕು.

ನನ್ನ ಯೆಜ್ಡಿ 250ಕ್ಕೆ ಹಾಕೋದು ಎನ್‌ಜಿಕೆ ಕಂಪನಿಯ ಬಿ7ಎಚ್‌ಎಸ್. ಬಿ ಅಂದ್ರೆ 14 ಮಿ.ಮೀ. ಥ್ರೆಡ್, ಎಚ್ ಅಂದ್ರೆ ಥ್ರೆಡ್ಡಿನ ಉದ್ದ 12.7 ಮಿ.ಮೀ. ಎಚ್ ಬದಲು ಇ ಇದ್ರೆ 19 ಮಿ.ಮೀ. ಅದೂ ಸಲೀಸಾಗಿ ತಿರುಗಿಕೊಂಡು ಒಳಗೆ ಹೋಗುತ್ತೆ, ಕಿಕ್ ಹೊಡೆದಾಗ ಪಿಸ್ಟನ್ ಬಂದು ಬಡಿದರೆ ಗೊತ್ತಾಗೋದು.

ಇನ್ನು 7. ಪ್ಲಗ್ ಶಾಖವನ್ನ ಎಷ್ಟು ಬೇಗ ಎಂಜಿನ್ನಿನ ಹೆಡ್ಡಿಗೆ ದಾಟಿಸುತ್ತೆ ಅನ್ನೋ ಅಂಕೆ ಇದು. ಎನ್‌ಜಿಕೆಯಲ್ಲಿ ಅಂಕೆ ಏರಿದಷ್ಟೂ ಪ್ಲಗ್ ತಣ್ಣಗೆ, ಬಾಷ್‌ನ ಈಗಿನ ನಂಬರಿನಲ್ಲಿ ತದ್ವಿರುದ್ಧ. ತುದಿ ಸುಮಾರು 450 ಡಿಗ್ರಿ ಮುಟ್ಟದಿದ್ರೆ ಮಸಿ ತಾನಾಗಿ ಸುಟ್ಟುಹೋಗಲ್ಲ, 850 ದಾಟಿದ್ರೆ ಕಿಡಿಗೂ ಕಾಯದೆ ಪೆಟ್ರೋಲ್ ಹೊತ್ತಿಕೊಳ್ಳುತ್ತೆ. ಪ್ಲಗ್ ಪದೇ ಪದೇ ಕಪ್ಪಾಗುತ್ತೆ ಅಂತ 6ಕ್ಕೆ ಇಳಿಯೋರನ್ನ ನೋಡಿದೀನಿ. ನನಗದು ಸರಿ ಕಾಣಲ್ಲ. ಮೊದಲು ಕಾರ್ಬುರೇಟರ್ ನೋಡಿ, ಆಮೇಲೆ ಕ್ರ್ಯಾಂಕ್ ಸೀಲ್, ಅಂದ್ರೆ ಗೇರ್‌ಬಾಕ್ಸ್ ಆಯಿಲ್ ಎಂಜಿನ್ ಒಳಕ್ಕೆ ಬರದಂತೆ ತಡೆಯೋ ರಿಂಗು. ಸೀಲ್ ಹೋಗಿದ್ರೆ ಗೇರ್‌ಬಾಕ್ಸ್ ಆಯಿಲ್ ಒಳಕ್ಕೆ ಎಳ್ಕೊಂಡು ಎರಡೂ ಸೈಲೆನ್ಸರಲ್ಲಿ ಹೊಗೆಯೋ ಹೊಗೆ. ಅದಕ್ಕೆ ಪ್ಲಗ್ ಏನು ಮಾಡೀತು? ಎಲ್ಲ ಸರಿ ಇದ್ರೆ ತುದಿ ಗ್ಲೂಕೋಸ್ ಬಿಸ್ಕತ್ತಿನ ಬಣ್ಣಕ್ಕೆ ಬರುತ್ತೆ.

ಗ್ಯಾಪ್, ಅಂದ್ರೆ ಪ್ಲಗ್ ತುದಿಯಲ್ಲಿ ನಡುವಿನ ಕಡ್ಡಿಗೂ ಹೊರಗಿನ ಕೊಕ್ಕೆಗೂ ನಡುವೆ ಕಿಡಿ ಹಾರೋ ಸಂದು, 0.6 ಮಿ.ಮೀ. ಡಬ್ಬಿಯಿಂದ ತೆಗೆದ ಹೊಸ ಪ್ಲಗ್ಗನ್ನೂ ಅಳೀತೀನಿ. ಕೆಳಗೆ ಬಿದ್ದಿದ್ರೂ ಸಾಕು, ಗ್ಯಾಪ್ ಮುಚ್ಚಿಕೊಂಡಿರುತ್ತೆ. ಹಳೇ ಮೆಕ್ಯಾನಿಕ್‌ಗಳು ಹ್ಯಾಕ್ಸಾ ಬ್ಲೇಡ್ ತೂರಿಸಿ ನೋಡೋದನ್ನ ಕಂಡು ನಗಬೇಡಿ. ಬ್ಲೇಡಿನ ದಪ್ಪ 0.63 ಮಿ.ಮೀ. ಇರುತ್ತೆ. ಹಲ್ಲಿನ ಕಡೆಯಿಂದಲ್ಲ, ಬೆನ್ನಿನ ಕಡೆಯಿಂದ ತೂರಿಸಬೇಕು ಅಷ್ಟೆ. ಸವೆದ ಪ್ಲಗ್ಗಿಗೆ ಮಾತ್ರ ಗ್ಯಾಪ್ ಅಳೆಯೋ ತಂತಿ ಗೇಜೇ ಆಗಬೇಕು, ಗುಳಿ ಬಿದ್ದ ಜಾಗದಲ್ಲಿ ಚಪ್ಪಟೆ ಗೇಜ್ ಕಮ್ಮಿ ತೋರಿಸುತ್ತೆ. ಗ್ಯಾಪ್ ಜಾಸ್ತಿ ಆದ್ರೆ ಪಾಯಿಂಟ್ ಇಗ್ನಿಷನ್ನಿನ ಹಳೇ ಕಾಯಿಲ್‌ಗೆ ಅಷ್ಟು ದೂರ ಕಿಡಿ ಹಾರಿಸೋ ತಾಕತ್ತಿಲ್ಲ. ನಿಂತಲ್ಲಿ ಚೆನ್ನಾಗೇ ಓಡುತ್ತೆ, ಚಾಮುಂಡಿ ಬೆಟ್ಟ ಹತ್ತೋವಾಗ ಕೆಮ್ಮೋಕೆ ಶುರು. ತೀರ ಕಮ್ಮಿ ಆದ್ರೆ ಐಡ್ಲಿಂಗಲ್ಲಿ ಎಂಜಿನ್ ಸರಿಯಾಗಿ ಓಡಲ್ಲ. ಬಗ್ಗಿಸೋದು ಹೊರಗಿನ ಕೊಕ್ಕೆ ಮಾತ್ರ, ನಡುವಿನ ಕಡ್ಡಿಗೆ ಆನಿಸಿ ಮೀಟಿದ್ರೆ ಪಿಂಗಾಣಿ ಬಿರುಕು ಬಿಡುತ್ತೆ.

ಹಾಕೋವಾಗ ಎಂಜಿನ್ ತಣ್ಣಗಿರಲಿ. ವಾಷರ್ ಕೂರೋವರೆಗೂ ಬೆರಳಲ್ಲೇ ತಿರುಗಿಸಿ, ಆಮೇಲೆ ಪಾನಾದಲ್ಲಿ ಅರ್ಧ ಸುತ್ತು. ಹಳೇ ಪ್ಲಗ್ಗೇ ಆದ್ರೆ ಅಷ್ಟೂ ಬೇಡ, ಚೂರೇ ಚೂರು, ಹೆಡ್ ಅಲ್ಯೂಮಿನಿಯಂ.