ದಾವಣಗೆರೆಯಿಂದ ಮೆಡಿಟರೇನಿಯನ್ ಕ್ರೂಸ್: ಯಾವ ಹಡಗು ಆರಿಸಿಕೊಂಡೆವು, ಯಾಕೆ

ಸೆಪ್ಟೆಂಬರ್‌ನಲ್ಲಿ ನಾನು, ನಮ್ಮ ಮನೆಯವರು, ನಮ್ಮ ಅತ್ತೆ ಮೂವರೂ ಮೆಡಿಟರೇನಿಯನ್ ಸಮುದ್ರದಲ್ಲಿ ಏಳು ರಾತ್ರಿಯ ಕ್ರೂಸ್ ಮುಗಿಸಿ ಬಂದೆವು. ಅವತ್ತಿನಿಂದ ಪಿ.ಜೆ. ಬಡಾವಣೆಯ ನಮ್ಮ ಮನೆಗೆ ಬಂದವರೆಲ್ಲ ಕೇಳುವುದು ಒಂದೇ ಮಾತು: ‘ಯಾವ ಹಡಗು ಒಳ್ಳೇದು?’

ನಿಮ್ಮ ಗುಂಪಿನಲ್ಲಿ ಯಾರಿಗೆ ಪ್ರಯಾಣ ಜಾಸ್ತಿ ಕಷ್ಟವೋ ಅವರಿಗೆ ಹೊಂದುವ ಹಡಗೇ ಒಳ್ಳೇದು ಅಂತ ಹೇಳುತ್ತೇನೆ. ನಮ್ಮಲ್ಲಿ ಅದು ಅತ್ತೆ. ವಯಸ್ಸು 71, ತವರು ಚಿತ್ರದುರ್ಗ. ಮೊಣಕಾಲು ನೋವಿದೆ. ಮೊಟ್ಟೆಯನ್ನೂ ಮುಟ್ಟುವುದಿಲ್ಲ. ಕನ್ನಡ ಬಿಟ್ಟರೆ ಬೇರೆ ಭಾಷೆ ಬರುವುದಿಲ್ಲ. ಅವರನ್ನು ಮುಂದಿಟ್ಟುಕೊಂಡು ಹುಡುಕಿದ್ದಕ್ಕೇ ನಮ್ಮ ಪ್ರವಾಸ ಸುಖವಾಗಿ ಆಯಿತು.

ನಾವು ಮುಖ್ಯವಾಗಿ ನೋಡಿದ್ದು ಮೂರು ಕಂಪನಿ: ಎಂಎಸ್‌ಸಿ, ಕೋಸ್ಟಾ, ರಾಯಲ್ ಕೆರಿಬಿಯನ್. ಕೋಸ್ಟಾ ಇಟಲಿಯ ಜಿನೋವಾದ್ದು. ಎಂಎಸ್‌ಸಿಯ ಕಚೇರಿ ಜಿನೀವಾದಲ್ಲಿದ್ದರೂ ಹಡಗಿನ ಒಳಗೆ ಇಟಲಿಯ ವಾತಾವರಣವೇ. ಇವೆರಡರ ದೊಡ್ಡ ಅನುಕೂಲ ಅಂದರೆ ಹಡಗು ಒಂದೇ ಸುತ್ತು ಹೊಡೆಯುತ್ತಾ ಇರುತ್ತದೆ, ನೀವು ಸ್ಪೇನಿನ ಬಾರ್ಸಿಲೋನಾ, ಫ್ರಾನ್ಸಿನ ಮಾರ್ಸೇ, ಇಟಲಿಯ ಬಂದರುಗಳು, ಹೀಗೆ ಬೇರೆ ಬೇರೆ ಕಡೆ ಹತ್ತಬಹುದು. ಹತ್ತಿದಲ್ಲೇ ವಾರ ಬಿಟ್ಟು ಇಳಿಯುತ್ತೀರಿ. ನಮ್ಮೂರಿನ ಸಿಟಿ ಬಸ್ ಇದ್ದ ಹಾಗೆ. ಬೆಂಗಳೂರಿನಿಂದ ಯಾವ ಊರಿಗೆ ವಿಮಾನ ಅಗ್ಗವೋ ಅಲ್ಲಿಂದ ಶುರು ಮಾಡಬಹುದು. ಇವುಗಳಲ್ಲಿ ಘೋಷಣೆಗಳು ಇಟಾಲಿಯನ್, ಫ್ರೆಂಚ್, ಸ್ಪ್ಯಾನಿಷ್, ಜರ್ಮನ್, ಇಂಗ್ಲಿಷ್ ಅಂತ ಸಾಲಾಗಿ ಬರುತ್ತವೆ. ಹಡಗಿನೊಳಗಿನ ಲೆಕ್ಕ ಯೂರೋದಲ್ಲಿ.

ರಾಯಲ್ ಕೆರಿಬಿಯನ್‌ನಲ್ಲಿ ಎಲ್ಲ ಇಂಗ್ಲಿಷ್, ಲೆಕ್ಕ ಡಾಲರ್‌ನಲ್ಲಿ. ಮಕ್ಕಳಿಗೆ ಜಾರುಬಂಡೆ, ಈಜುಕೊಳ, ಆಟ ಧಾರಾಳ. ರಾತ್ರಿ ಊಟದಲ್ಲಿ ಭಾರತೀಯ ಸಸ್ಯಾಹಾರಿ ಅಡುಗೆಯೂ ಸಿಗುತ್ತದೆ ಅಂತ ಹೋಗಿ ಬಂದವರು ಹೊಗಳುತ್ತಾರೆ. ಚಿಕ್ಕ ಮಕ್ಕಳಿರುವವರಿಗೆ, ಇಂಗ್ಲಿಷ್ ಮಾತ್ರ ಗೊತ್ತಿರುವವರಿಗೆ ನಾನು ಇದನ್ನೇ ಹೇಳುತ್ತೇನೆ. ನಾವು ನೋಡಿದ ತಾರೀಕುಗಳಿಗೆ ಅದರ ದರ ಜಾಸ್ತಿ ಇತ್ತು. ನಮ್ಮ ಜೊತೆ ಮಕ್ಕಳೂ ಇರಲಿಲ್ಲ.

ನಾವು ಎಂಎಸ್‌ಸಿ ಆರಿಸಿಕೊಂಡೆವು. ನಿರ್ಧಾರ ಮಾಡಿಸಿದ್ದು ಬಂದರುಗಳ ಪಟ್ಟಿ: ಬಾರ್ಸಿಲೋನಾ, ಮಾರ್ಸೇ, ಇಟಲಿಯ ಜಿನೋವಾ, ನೇಪಲ್ಸ್, ಮೆಸ್ಸಿನಾ, ಆಮೇಲೆ ಮಾಲ್ಟಾ ದೇಶದ ವಲೆಟ್ಟಾ, ಒಂದು ದಿನ ಪೂರ್ತಿ ಸಮುದ್ರ, ಮತ್ತೆ ಬಾರ್ಸಿಲೋನಾ. ಎಲ್ಲ ಕಡೆಯೂ ಹಡಗು ದಡಕ್ಕೇ ಬಂದು ನಿಲ್ಲುತ್ತದೆ. ಗ್ರೀಸಿನ ಸ್ಯಾಂಟೊರಿನಿಯಂಥ ಕಡೆ ಹಡಗು ನೀರಿನಲ್ಲೇ ನಿಂತು, ಜನ ಸಣ್ಣ ದೋಣಿಗೆ ಇಳಿದು ದಡ ಸೇರಬೇಕು. ಮೊಣಕಾಲು ನೋವಿನವರಿಗೆ ಅದು ಸಾಧ್ಯವಾಗುವ ಮಾತಲ್ಲ.

ಬಂದರಿನ ಹೆಸರನ್ನು ಸರಿಯಾಗಿ ಓದಿ. ‘ರೋಮ್’ ಅಂತ ಬರೆದಿದ್ದರೆ ಹಡಗು ನಿಲ್ಲುವುದು ಚಿವಿಟಾವೆಕ್ಕಿಯಾದಲ್ಲಿ. ಅಲ್ಲಿಂದ ರೋಮ್ ಸುಮಾರು 80 ಕಿ.ಮೀ., ನಮ್ಮ ದಾವಣಗೆರೆಯಿಂದ ಚಿತ್ರದುರ್ಗಕ್ಕಿಂತ ದೂರ. ‘ಫ್ಲಾರೆನ್ಸ್’ ಅಂದರೆ ಲಾ ಸ್ಪೆಜಿಯಾ ಅಥವಾ ಲಿವೋರ್ನೊ. ವೆನಿಸ್‌ನ ಮುಂದಿನ ಕಾಲುವೆಗೆ 2021ರಿಂದ ದೊಡ್ಡ ಹಡಗುಗಳನ್ನು ಬಿಡುತ್ತಿಲ್ಲ. ಹಾಗಾಗಿ ‘ವೆನಿಸ್’ ಕ್ರೂಸ್ ಎಷ್ಟೋ ಸಲ ರವೆನ್ನಾ, ತ್ರಿಯೆಸ್ಟೆ ಇಂಥ ಊರಿನಿಂದ ಹೊರಡುತ್ತದೆ. ಹಡಗು ಎಷ್ಟು ಗಂಟೆಗೆ ಬರುತ್ತದೆ, ಎಷ್ಟಕ್ಕೆ ಹೊರಡುತ್ತದೆ ಅನ್ನುವುದನ್ನೂ ಬರೆದಿಟ್ಟುಕೊಳ್ಳಿ. ಎರಡು ಕಂಪನಿಗಳ ದರ ಒಂದೇ ಇದ್ದಾಗ ನಾವು ಊರಿನಲ್ಲಿ ಜಾಸ್ತಿ ಹೊತ್ತು ಸಿಗುವುದನ್ನೇ ಹಿಡಿಯುತ್ತಿದ್ದೆವು.

ಈಗ ದುಡ್ಡಿನ ವಿಷಯ. ನಾನು ಮೂವತ್ತು ವರ್ಷ ಬ್ಯಾಂಕಿನಲ್ಲಿ ಕೆಲಸ ಮಾಡಿದವಳು, ಆದರೂ ಮೊದಲ ಸಲ ಏಜೆಂಟ್ ಕೊಟ್ಟ ಚೀಟಿ ನೋಡಿ ಮೋಸಹೋದೆ. ಅದರಲ್ಲಿ ಬರೀ ಕ್ಯಾಬಿನ್ ದರ ಇತ್ತು. ಬಂದರು ಶುಲ್ಕ, ದಿನದ ಸರ್ವೀಸ್ ಚಾರ್ಜ್, ವಿಮೆ ಯಾವುದೂ ಇರಲಿಲ್ಲ. ಎಲ್ಲ ಸೇರಿಸಿದ ಮೇಲೆ ಇನ್ನೊಬ್ಬರು ಹೇಳಿದ್ದ ದರವೇ ಕಡಿಮೆ ಬಿತ್ತು. ಸರ್ವೀಸ್ ಚಾರ್ಜ್ ನಮಗೆ ತಲೆಗೆ ದಿನಕ್ಕೆ 12 ಯೂರೋ ಬಿತ್ತು. ಮೂವರಿಗೆ ಏಳು ದಿನಕ್ಕೆ 252 ಯೂರೋ, ಸಣ್ಣ ಮೊತ್ತ ಅಲ್ಲ ಅಲ್ವಾ? ಟೂರ್ ಪ್ಯಾಕೇಜ್ ತಗೊಂಡರೆ ಟಿಸಿಎಸ್ (ದುಡ್ಡು ಕಟ್ಟುವಾಗಲೇ ವಸೂಲಿ ಮಾಡುವ ತೆರಿಗೆ) ಕೂಡ ಹಿಡಿಯುತ್ತಾರೆ. ಅದು ಇನ್‌ಕಮ್ ಟ್ಯಾಕ್ಸ್ ರಿಟರ್ನ್ಸ್‌ನಲ್ಲಿ ಲೆಕ್ಕಕ್ಕೆ ಬರುತ್ತದೆ, ರಸೀದಿ ಜೋಪಾನ ಮಾಡಿ. ವಿಮಾನ, ವೀಸಾ, ಬಾರ್ಸಿಲೋನಾದ ಹೋಟೆಲ್ ಎಲ್ಲ ಸೇರಿ ನಮಗೆ ತಲೆಗೆ ಸುಮಾರು 2 ಲಕ್ಷ 20 ಸಾವಿರ ಆಯಿತು. ಅದರಲ್ಲಿ ಹಡಗಿನ ಪಾಲು ಅರ್ಧಕ್ಕಿಂತ ಕಡಿಮೆ.

ಮೂವರೂ ಬಾಲ್ಕನಿ ಇರುವ ಒಂದೇ ಕ್ಯಾಬಿನ್ ತಗೊಂಡೆವು. ಮೂರನೆಯವರ ಹಾಸಿಗೆ ಸೋಫಾ ಬಿಚ್ಚಿ ಮಾಡುವಂಥದ್ದೋ, ಮೇಲಿಂದ ಇಳಿಸಿ ಏಣಿ ಹತ್ತಬೇಕಾದದ್ದೋ ಮೊದಲೇ ಕೇಳಿ. ನಮ್ಮದು ಸೋಫಾ. ಕ್ಯಾಬಿನ್ ಹಡಗಿನ ನಡುಭಾಗದಲ್ಲಿ, ಲಿಫ್ಟಿಗೆ ಹತ್ತಿರ ಇರಲಿ. ನಡುವೆ ಅಲುಗಾಟ ಕಡಿಮೆ.

ವೀಸಾಕ್ಕೆ ಮೂರು ತಿಂಗಳು ಮುಂಚೆ ಕೈ ಹಾಕಿ. ಅರ್ಜಿಯನ್ನು ಆರು ತಿಂಗಳು ಮೊದಲಿನಿಂದಲೇ ಕೊಡಬಹುದು. ಬೆಂಗಳೂರಿನಲ್ಲಿ ಬೆರಳಚ್ಚಿಗೆ ದಿನ ಸಿಗುವುದೇ ಕಷ್ಟ. ಶೆಂಗೆನ್ ವೀಸಾ, ಅಂದರೆ ಯುರೋಪಿನ ಹಲವು ದೇಶಗಳಿಗೆ ಸೇರಿಸಿ ಕೊಡುವ ಒಂದೇ ವೀಸಾದ ಶುಲ್ಕ ದೊಡ್ಡವರಿಗೆ 90 ಯೂರೋ, ಅರ್ಜಿ ಕೇಂದ್ರದ ಶುಲ್ಕ ಬೇರೆ. ವಿಮೆ ಕನಿಷ್ಠ 30,000 ಯೂರೋದ್ದು ಇರಬೇಕು. ಯಾವ ದೇಶಕ್ಕೆ ಅರ್ಜಿ ಹಾಕಬೇಕು ಅನ್ನುವುದರಲ್ಲಿ ತುಂಬ ಜನ ಎಡವುತ್ತಾರೆ. ಜಾಸ್ತಿ ದಿನ ಎಲ್ಲಿ ಇರುತ್ತೀರೋ ಆ ದೇಶಕ್ಕೆ. ಸಮ ಬಂದರೆ ಮೊದಲು ಕಾಲಿಡುವ ದೇಶಕ್ಕೆ. ನಮಗೆ ಇಟಲಿಯ ಬಂದರು ಮೂರು ಇದ್ದವು, ಆದರೆ ಬಾರ್ಸಿಲೋನಾದಲ್ಲಿ ಎರಡು ರಾತ್ರಿ ಮೊದಲೇ ಉಳಿದದ್ದರಿಂದ ಸ್ಪೇನ್ ಆಯಿತು. ಹಡಗು ಟುನೀಸಿಯಾ, ಟರ್ಕಿ ಕಡೆ ಹೋಗಿ ಮತ್ತೆ ಯುರೋಪಿಗೆ ಬರುವುದಾದರೆ ಮಲ್ಟಿಪಲ್ ಎಂಟ್ರಿ ವೀಸಾನೇ ಬೇಕು.

ಆ ಎರಡು ರಾತ್ರಿ ದಂಡ ಅಂತ ಅನ್ನಿಸಿತ್ತು. ಆದರೆ ಬಾರ್ಸಿಲೋನಾದಲ್ಲಿ ಇಳಿದಾಗ ಅತ್ತೆಯ ಸೂಟ್‌ಕೇಸ್ ಬಂದಿರಲಿಲ್ಲ. ಸೀರೆ, ಮೊಣಕಾಲಿನ ಪಟ್ಟಿ ಎಲ್ಲ ಅದರಲ್ಲೇ. ಮಾರನೇ ದಿನ ಸಂಜೆ ಹೋಟೆಲ್‌ಗೆ ತಂದುಕೊಟ್ಟರು. ಅವತ್ತೇ ಹಡಗು ಹತ್ತಿದ್ದಿದ್ದರೆ ಅದು ಊರಿಂದ ಊರಿಗೆ ನಮ್ಮ ಬೆನ್ನು ಹತ್ತಬೇಕಿತ್ತು. ಗುಳಿಗೆಗಳು ಮಾತ್ರ ನನ್ನ ಕೈಚೀಲದಲ್ಲಿದ್ದವು, ಪುಣ್ಯ. ದಯವಿಟ್ಟು ಒಂದು ದಿನವಾದರೂ ಮುಂಚೆ ಹೋಗಿ.

ದಾವಣಗೆರೆಯಿಂದ ವಿಮಾನ ನಿಲ್ದಾಣಕ್ಕೆ ಕಾರಿನಲ್ಲಿ ಹೋಗುವವರಿಗೆ ಒಂದು ಮಾತು. ಬೆಂಗಳೂರಿನ ಒಳಗೆ ಹೋಗಬೇಡಿ. ತುಮಕೂರು ದಾಟಿ ದಾಬಸ್‌ಪೇಟೆ ಹತ್ತಿರ ತಿರುಗಿ, ದೊಡ್ಡಬಳ್ಳಾಪುರದ ಮೇಲೆ ದೇವನಹಳ್ಳಿ ಸೇರಿ.

ಊಟದ ಬಗ್ಗೆ ಸ್ವಲ್ಪ ಜಾಸ್ತಿ ಬರೆಯುತ್ತೇನೆ, ಯಾಕಂದರೆ ನಮ್ಮ ಕಡೆಯವರಿಗೆ ಹೆಚ್ಚು ಭಯ ಇರುವುದು ಅಲ್ಲೇ. ಬುಕ್ ಮಾಡಿದ ಕೂಡಲೇ ‘ಭಾರತೀಯ ಸಸ್ಯಾಹಾರ, ಮೊಟ್ಟೆ ಬೇಡ’ ಅಂತ ಇಮೇಲ್‌ನಲ್ಲಿ ಬರೆಸಿದೆವು. ಹತ್ತಿದ ದಿನ ಊಟದ ಹಾಲ್‌ನ ಮುಖ್ಯಸ್ಥರನ್ನು ಕಂಡು ಮತ್ತೆ ಹೇಳಿದೆವು. ನಮ್ಮ ಟೇಬಲ್‌ಗೆ ಬರುತ್ತಿದ್ದ ಹುಡುಗ ಗೋವಾದವನು. ಎರಡನೇ ರಾತ್ರಿಯಿಂದ ಅತ್ತೆಗೆ ಅನ್ನ, ಬೇಳೆ, ಒಂದು ಪಲ್ಯ ತಪ್ಪಲಿಲ್ಲ. ಬಫೆಯಲ್ಲಿ ಹಣ್ಣು, ಬ್ರೆಡ್, ಸಲಾಡ್ ಯಾವಾಗಲೂ ಇರುತ್ತಿತ್ತು. ಅಲ್ಲಿ ಎರಡು ವಿಷಯ ಗಮನಿಸಿ. ತಾಜಾ ಪಾಸ್ತಾದಲ್ಲಿ ಸಾಮಾನ್ಯವಾಗಿ ಮೊಟ್ಟೆ ಇರುತ್ತದೆ. ಪಾರ್ಮೆಸಾನ್ ಚೀಸ್‌ಗೆ ಹಾಲು ಗಟ್ಟಿಯಾಗಲು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಹಾಕುತ್ತಾರೆ, ಅದನ್ನು ಎಲ್ಲದರ ಮೇಲೂ ಉದುರಿಸುತ್ತಾರೆ. ‘ಚೀಸ್ ಬೇಡ’ ಅಂತ ಮೊದಲೇ ಹೇಳಿದರೆ ಆಯಿತು. ಎಂಎಸ್‌ಸಿ, ಕೋಸ್ಟಾ ಹಡಗುಗಳಲ್ಲಿ ರಾತ್ರಿ ಊಟಕ್ಕೆ ಟೇಬಲ್ಲಿಗೆ ತರುವ ಬಾಟಲಿ ನೀರಿಗೆ ದುಡ್ಡು. ಬಫೆಯ ನಲ್ಲಿ ನೀರಿಗೆ ಇಲ್ಲ.

ನಾವು ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಗುರೆಳ್ಳು ಪುಡಿ, ಒಂದು ಕಟ್ಟು ಖಾರ ಮಂಡಕ್ಕಿ ಒಯ್ದೆವು, ಎಲ್ಲ ಅಂಗಡಿಯಲ್ಲಿ ಸೀಲ್ ಮಾಡಿದ್ದು. ಮನೆಯಲ್ಲಿ ಕಟ್ಟಿದ ಬುತ್ತಿಯನ್ನು ಹಡಗಿನೊಳಗೆ ಬಿಡದೇ ಇರಬಹುದು. ಹಾಲಿನ ಪದಾರ್ಥ ಯುರೋಪಿಗೆ ಒಯ್ಯುವ ಹಾಗೇ ಇಲ್ಲ. ತುಪ್ಪ, ಪೇಡ, ನಮ್ಮೂರ ಬೆಣ್ಣೆ ಇಲ್ಲೇ ಇರಲಿ. ನೀರು ಕಾಯಿಸುವ ಕೆಟಲ್, ಇಸ್ತ್ರಿ ಪೆಟ್ಟಿಗೆ, ಕುಕ್ಕರ್ ಕಂಡರೆ ಹಡಗಿನವರು ತೆಗೆದಿಟ್ಟುಕೊಳ್ಳುತ್ತಾರೆ.

ಮಾರ್ಸೇಯಲ್ಲಿ ಬಂದರಿನಿಂದ ಊರು ದೂರ, ಬಸ್ ಹಿಡಿಯಬೇಕು. ಅಲ್ಲಿ ಹಳೇ ಬಂದರಿನಲ್ಲಿ ಸುಮ್ನೆ ಕೂತು ಬಂದೆವು.

ಜಿನೋವಾ ನನಗೆ ಮರೆಯುವುದಿಲ್ಲ. ಹಡಗು ರೈಲು ನಿಲ್ದಾಣದ ಪಕ್ಕಕ್ಕೇ ನಿಲ್ಲುತ್ತದೆ. ಸಂದಿಗಳಲ್ಲಿ ನಿಧಾನವಾಗಿ ನಡೆಯುತ್ತಿದ್ದಾಗ ಒಂದು ಅಂಗಡಿಯ ಸೌದೆ ಒಲೆಯಿಂದ ದೊಡ್ಡ ತಾಮ್ರದ ತಟ್ಟೆ ಹೊರಗೆ ಬಂತು. ಅದರ ಅಗಲಕ್ಕೂ ಹಳದಿ ದೋಸೆ. ಅಂಚು ಕಂದಾಗಿ ಎದ್ದಿತ್ತು. ಮಧ್ಯೆ ಎಣ್ಣೆ ಇನ್ನೂ ಸಣ್ಣಗೆ ಕುದಿಯುತ್ತಿತ್ತು. ಫರಿನಾಟಾ ಅಂತಾರೆ. ಕಡ್ಲೆಹಿಟ್ಟು, ನೀರು, ಆಲಿವ್ ಎಣ್ಣೆ, ಉಪ್ಪು, ಅಷ್ಟೇ. ಅಂಗಡಿಯವನು ಕತ್ತರಿಸಿ ಕಾಗದದ ಮೇಲೆ ಇಟ್ಟು, ಕಾಳುಮೆಣಸಿನ ಪುಡಿ ಉದುರಿಸಿ ಕೊಟ್ಟ. ಅತ್ತೆ ಮೂಸಿ ನೋಡಿ, ಒಂದು ತುಂಡು ಬಾಯಿಗಿಟ್ಟು, ‘ಇದು ನಮ್ಮ ಕಡ್ಲೆಹಿಟ್ಟೇ ಕಣವ್ವಾ, ಮೆಣಸಿನಕಾಯಿ ಒಂದು ಒಳಗಿಲ್ಲ’ ಅಂದರು. ಮಂಡಕ್ಕಿ ಕಟ್ಟು ಬಿಚ್ಚಿ, ಅದರ ಜೊತೆ ಇನ್ನೂ ಎರಡು ತುಂಡು ತಿಂದರು. ಊರು ಬಿಟ್ಟ ಮೇಲೆ ಅವರು ಹೊಟ್ಟೆ ತುಂಬ ತಿಂದದ್ದು ಅವತ್ತೇ ಮೊದಲು.

ಮೆಸ್ಸಿನಾದಲ್ಲಿ ಮಾತ್ರ ಹುಷಾರು. ಅಲ್ಲಿನ ಫೊಕಾಚಾ ಅನ್ನುವ ಚಪ್ಪಟೆ ಬ್ರೆಡ್ ಸೊಪ್ಪು ತರಕಾರಿಯದ್ದೇ ಅನ್ನಿಸುತ್ತದೆ, ಒಳಗೆ ಆಂಚೊವಿ ಮೀನು ಹಾಕಿರುತ್ತಾರೆ. ಬಂದರಿನಿಂದ ನಡೆದೇ ಹೋಗುವಷ್ಟು ಹತ್ತಿರದಲ್ಲಿ ಚರ್ಚಿನ ಗಡಿಯಾರ ಗೋಪುರ ಇದೆ. ಮಧ್ಯಾಹ್ನ 12ಕ್ಕೆ ಅದರ ಸಿಂಹ ಘರ್ಜಿಸುತ್ತದೆ, ಕೋಳಿ ಕೂಗುತ್ತದೆ. ಹತ್ತು ನಿಮಿಷ ಮುಂಚೆ ಹೋಗಿ ನಿಲ್ಲಿ.

ನೇಪಲ್ಸ್‌ನಲ್ಲಿ ಅತ್ತೆ ಹಡಗಿನಲ್ಲೇ ಉಳಿದರು. ನಾವಿಬ್ಬರೂ ಪಾಂಪೇಯಿಗೆ ಹೋದೆವು. ಕ್ರಿ.ಶ. 79ರಲ್ಲಿ ವೆಸೂವಿಯಸ್ ಬೆಟ್ಟ ಸಿಡಿದು ಹೂತುಹೋದ ಊರು. ದಾರಿಯ ಹಾಸುಗಲ್ಲಿನಲ್ಲಿ ಗಾಡಿ ಚಕ್ರ ಕೊರೆದ ಜಾಡು ಇವತ್ತಿಗೂ ಇದೆ, ರೊಟ್ಟಿ ಅಂಗಡಿಯಲ್ಲಿ ಬೀಸುವ ಕಲ್ಲುಗಳು ನಿಂತಿವೆ. ಆದರೆ ಆ ಕಲ್ಲುದಾರಿ ನೋವಿನ ಕಾಲಿಗೆ ಆಗುವುದಿಲ್ಲ. ಹಡಗಿನವರೇ ಕರೆದೊಯ್ಯುವ ಬಸ್ಸಿನಲ್ಲಿ ಹೋದೆವು. ಅದಕ್ಕೆ ದುಡ್ಡು ಜಾಸ್ತಿ, ಆದರೆ ಆ ಬಸ್ಸು ತಡವಾದರೆ ಹಡಗು ಕಾಯುತ್ತದೆ. ಸ್ವಂತವಾಗಿ ಹೋದವರಿಗೆ ಕಾಯುವುದಿಲ್ಲ. ದೂರದ ಜಾಗಕ್ಕೆ ಹಡಗಿನ ಬಸ್ಸು, ಹತ್ತಿರದ್ದಕ್ಕೆ ನಮ್ಮ ಕಾಲು, ಇದು ನಮ್ಮ ಲೆಕ್ಕ.

ವಲೆಟ್ಟಾದಲ್ಲಿ ಹಡಗು ಕೋಟೆಯ ಕೆಳಗೇ ಬಂದು ನಿಲ್ಲುತ್ತದೆ. ಬೆಳಗ್ಗೆ ಆರಕ್ಕೆ ಬಾಲ್ಕನಿಯಲ್ಲಿ ನಿಂತು ಒಳಗೆ ಬರುವುದನ್ನು ನೋಡಿ, ಮಲಗಿರಬೇಡಿ. ಮೇಲಕ್ಕೆ ಹೋಗಲು ಬಂದರಿನ ಹತ್ತಿರವೇ ಲಿಫ್ಟ್ ಇದೆ, 58 ಮೀಟರ್ ಎತ್ತರ. ಅತ್ತೆಯ ಪಾಲಿಗೆ ಆ ಲಿಫ್ಟೇ ದೇವರು. ತುರ್ಕರು 1565ರಲ್ಲಿ ಮುತ್ತಿಗೆ ಹಾಕಿ ಹೋದ ಮೇಲೆ, 1566ರಲ್ಲಿ ಈ ಊರಿಗೆ ಅಡಿಪಾಯ ಹಾಕಿದರು. ಅತ್ತೆ ಗೋಡೆಗೆ ಕೈಯಿಟ್ಟರು. ಹಳದಿ ಸುಣ್ಣಕಲ್ಲು, ಬೆರಳಿಗೆ ಪುಡಿ ಅಂಟಿತು. ‘ನಮ್ಮ ದುರ್ಗದ ಕಲ್ಲಿಗೆ ಹೀಗಾಗೋದಿಲ್ಲ’ ಅಂದರು. ಆಮೇಲೆ ತುಂಬ ಹೊತ್ತು ಕೆಳಗಿನ ಸಮುದ್ರ ನೋಡುತ್ತಾ ನಿಂತಿದ್ದರು. ಏಳುಸುತ್ತಿನ ಕೋಟೆಯ ನೆರಳಲ್ಲೇ ಆಡಿ ಬೆಳೆದವರು ಅವರು. ಬೇರೆ ಯಾವ ಊರಿನಲ್ಲೂ ಅಷ್ಟು ಹೊತ್ತು ಅವರು ನಿಂತದ್ದು ನಾನು ಕಾಣೆ.

ಇನ್ನು ಸಣ್ಣಪುಟ್ಟದ್ದು. ಹಡಗು ದಡ ಬಿಟ್ಟ ಕೂಡಲೇ ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ. ಸಮುದ್ರದ ಮೇಲಿನ ನೆಟ್‌ವರ್ಕ್ ಹಿಡಿದರೆ ಬಿಲ್ ಸಾವಿರಗಟ್ಟಲೆ ಬರುತ್ತದೆ. ಬ್ಯಾಂಕ್ ಆ್ಯಪ್‌ನಲ್ಲಿ ಕಾರ್ಡಿನ ವಿದೇಶಿ ಬಳಕೆಯನ್ನು ಇಲ್ಲಿಂದಲೇ ಆನ್ ಮಾಡಿಕೊಂಡು ಹೋಗಿ. ಮೊದಲ ದಿನದ ಸುರಕ್ಷತಾ ಕವಾಯತು ತಪ್ಪಿಸಬೇಡಿ. 2012ರ ಜನವರಿಯಲ್ಲಿ ಕೋಸ್ಟಾ ಕಾಂಕಾರ್ಡಿಯಾ ಮುಳುಗಿ 32 ಜನ ಸತ್ತ ಮೇಲೆ ಆ ನಿಯಮ ಇನ್ನೂ ಬಿಗಿಯಾಗಿದೆ. ಅಪಾಯ ಬಂದರೆ ನೀವು ಸೇರಬೇಕಾದ ಜಾಗಕ್ಕೆ ಮನೆಯ ಹಿರಿಯರನ್ನೂ ನಡೆಸಿಕೊಂಡು ಹೋಗಿ ತೋರಿಸಿ.

ಕೊನೆಯ ರಾತ್ರಿ ಸೂಟ್‌ಕೇಸ್‌ಗೆ ಬಣ್ಣದ ಚೀಟಿ ಕಟ್ಟಿ ಬಾಗಿಲ ಹೊರಗೆ ಇಡಬೇಕು, ಬೆಳಗ್ಗೆ ಕೆಳಗೆ ಸಿಗುತ್ತದೆ. ಮಾರನೇ ದಿನದ ಬಟ್ಟೆ, ಪಾಸ್‌ಪೋರ್ಟ್, ಗುಳಿಗೆ ಕೈಚೀಲದಲ್ಲಿರಲಿ. ಇಳಿಯುವ ದಿನ ಮಧ್ಯಾಹ್ನ ಎರಡರ ನಂತರದ ವಿಮಾನ ಹಿಡಿಯಿರಿ. ನಮ್ಮದು ನಾಲ್ಕಕ್ಕಿತ್ತು. ಅತ್ತೆ ತಿಂಡಿ ತಿಂದು, ಗೋವಾದ ಹುಡುಗನ ತಲೆ ಮೇಲೆ ಕೈಯಿಟ್ಟು, ಉಳಿದ ಚಟ್ನಿಪುಡಿ ಡಬ್ಬಿಯನ್ನು ಅವನ ಕೈಗೆ ಕೊಟ್ಟು ಇಳಿದರು.